ನಾಲ್ಕಡಿ ಕೋಣೆ

ನಾನು ಜಿಪ್ಸಂ ಬೋರ್ಡು ಹೊಡೆಯುವವನು. ಇಟ್ಟಿಗೆಯಿಲ್ಲದೆ, ಸಿಮೆಂಟಿಲ್ಲದೆ ಮನೆಯೊಳಗೆ ಗೋಡೆ ಎಬ್ಬಿಸುತ್ತೇನೆ. ತಗಡಿನ ಚಾನೆಲ್ ಪಟ್ಟಿಗಳ ಚೌಕಟ್ಟು ನಿಲ್ಲಿಸಿ, ಎರಡೂ ಕಡೆ ಬೋರ್ಡು ಹೊಡೆದು, ಸಂದಿಗೆ ಪುಟ್ಟಿ ಎಳೆದರೆ ಮುಗಿಯಿತು. ಈ ಕೆಲಸದಲ್ಲಿ ನನ್ನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ. ಹಾಗೆಂದು ಹೇಳುವವನು ನಾನೊಬ್ಬನೇ ಆದ್ದರಿಂದ ಆಗಾಗ ಹೇಳಬೇಕಾಗುತ್ತದೆ.

ನನ್ನ ಬುದ್ಧಿಯೆಲ್ಲ ಅಳತೆಯಲ್ಲಿದೆ. ಬೋರ್ಡು ನಾಲ್ಕಡಿ ಅಗಲ, ಎಂಟಡಿ ಉದ್ದ. ಯಾವ ಮನೆಗೆ ಹೋದರೂ ನನಗೆ ಮನೆ ಕಾಣುವುದಿಲ್ಲ, ನಾಲ್ಕು ಎಂಟು ಕಾಣುತ್ತದೆ. ಒಂದಿಂಚೂ ಕೊಯ್ಯದೆ ಪೂರ್ತಿ ಬೋರ್ಡು ಕೂತುಬಿಟ್ಟರೆ ಸ್ವರ್ಗಕ್ಕೆ ಮೂರೇ ಗೇಣು. ಆಸ್ಪತ್ರೆಯಲ್ಲಿ ಅಪ್ಪ ಕೊನೆಯುಸಿರು ಎಳೆಯುತ್ತಿದ್ದಾಗ ನಾನು ತಲೆಯೆತ್ತಿ ಸೀಲಿಂಗಿನ ಸಂದಿಗಳನ್ನು ಎಣಿಸುತ್ತಿದ್ದೆ ಎಂದು ಅಕ್ಕ ಇವತ್ತಿಗೂ ಹಂಗಿಸುತ್ತಾಳೆ. ಸಂದಿ ಸೊಟ್ಟಗಿತ್ತು, ಏನು ಮಾಡಲಿ.

ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈ ಕತೆ ನಡೆದಾಗ ಅವಳು ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಳು. ಅಲ್ಲೇ ಊಟ, ಅಲ್ಲೇ ವಾಸ. ಅಜ್ಜಿಯನ್ನು ಎತ್ತಬೇಕು, ಹೊರಳಿಸಬೇಕು, ತೊಳೆಯಬೇಕು, ಒರೆಸಬೇಕು. ನಾಲ್ಕು ವರ್ಷದಿಂದ ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಮಲಗಿ ಅವಳ ಒಂದು ಮಗ್ಗುಲು ಮರಗಟ್ಟಿತ್ತು. ಕೆಮ್ಮು ಬೇರೆ ಅಂಟಿಕೊಂಡಿತ್ತು.

ಒಂದು ದಿನ ಫೋನು ಮಾಡಿದಳು.

"ನಮ್ಮ ಮನೇಲಿ ರೂಮಿಗೆ ಅಡ್ಡಗೋಡೆ ಹಾಕಿಸ್ತಾರಂತೆ ಕಣೋ. ನಿನ್ನ ನಂಬರ್ ಕೊಟ್ಟಿದೀನಿ."

"ನಮ್ಮ ಮನೆ ಅಂದ್ರೆ ಯಾವ್ದು? ನಿನ್ನ ಹೆಸರಿಗೆ ಬರೆದುಕೊಟ್ರಾ?"

"ತಲೆಹರಟೆ ಬೇಡ. ಒಂದು ಮಾತು ಕೇಳು. ನೀನು ನನ್ನ ತಮ್ಮ ಅಂತ ಬಾಯಿ ಬಿಡ್ಬೇಡ. ಕೆಲಸದೋರ ಕಡೆಯೋರು ಮನೆಗೆ ಬಂದು ಹೋಗೋದು ಅವರಿಗೆ ಆಗಲ್ಲ. ಎಲ್ಲೋ ಗೋಡೆ ಮೇಲೆ ಬರೆದಿತ್ತು, ನೋಡಿ ಕೊಟ್ಟೆ ಅಂದಿದೀನಿ."

ಹೀಗೆ ನಾನು ಗೋಡೆಯ ಮೇಲಿನ ನಂಬರಾಗಿ ಆ ಮನೆಗೆ ಹೋದೆ.

ಐದನೇ ಮಹಡಿ. ಬಾಗಿಲು ತೆಗೆದದ್ದು ಅಕ್ಕನೇ. "ಯಾರು ಬೇಕಾಗಿತ್ತು?" ಎಂದಳು. "ಬೋರ್ಡಿನವನು ಅಮ್ಮ," ಎಂದೆ ನಾನು. ಸೊಂಟದ ಮೇಲೆ ಹೊತ್ತು ಬೆಳೆಸಿದವಳನ್ನು ಅಮ್ಮ, ನೀವು, ತಾವು ಎನ್ನುವಾಗ ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ. ಅವಳು ನಗಲಿಲ್ಲ. ಅವಳಿಗೆ ಈ ನಾಟಕ ಅಭ್ಯಾಸವಾಗಿತ್ತು.

ಮನೆಯ ಮೇಡಂ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಹದಿನಾಲ್ಕಡಿ ಉದ್ದ, ಎಂಟಡಿ ಅಗಲ. ಮುಂದಿನ ತುದಿಗೆ ಬಾಲ್ಕನಿಯ ಗಾಜಿನ ಬಾಗಿಲು. ಹಿಂದಿನ ತುದಿಯಲ್ಲಿ ಮೇಲೆ ಪೈಪುಗಳು, ಮೇಲ್ಮನೆಯವರ ಬಚ್ಚಲಿನವು. ಪಕ್ಕದ ಗೋಡೆಯಲ್ಲಿ ಒಂದು ಚಿಕ್ಕ ಕಿಟಕಿ. ಮೇಡಂ ಆಗಲೇ ಸೀಮೆಸುಣ್ಣದಲ್ಲಿ ಸರಿಯಾಗಿ ಮಧ್ಯಕ್ಕೆ, ಏಳಡಿಗೆ, ಒಂದು ಗೆರೆ ಎಳೆದಿದ್ದರು.

"ಮುಂದಿನ ಭಾಗ ಸಾರ್‌ಗೆ ಓದೋಕೆ. ಹಿಂದಿನ ಭಾಗ ಸಾಮಾನು ಇಡೋಕೆ," ಎಂದರು.

ನಾನು ಟೇಪು ಎಳೆದೆ. ಎದ್ದೆ, ಕೂತೆ, ಕಣ್ಣು ಕಿರಿದು ಮಾಡಿ ಸೂರು ನೋಡಿದೆ. ಹೊಳೆದೇಬಿಟ್ಟಿತು.

"ಮೇಡಂ, ತಪ್ಪು ತಿಳ್ಕೋಬೇಡಿ. ಗೆರೆ ಹಿಂದಕ್ಕೆ ತಗೊಳ್ಳಿ. ನಾಲ್ಕಡಿಗೆ. ಹಿಂದಿನ ಗೋಡೆಯಿಂದ ನಾಲ್ಕಡಿಗೆ ನಿಲ್ಲಿಸಿದ್ರೆ ಪೈಪ್ ಮುಚ್ಚೋ ಸೀಲಿಂಗು ಒಂದೇ ಒಂದು ಪೂರ್ತಿ ಬೋರ್ಡು. ಸಂದಿ ಇಲ್ಲ. ನಾಳೆ ಬಿರುಕು ಅನ್ನೋ ಮಾತಿಲ್ಲ. ಸಾರ್‌ಗೆ ಹತ್ತಡಿ ಸಿಗುತ್ತೆ. ಈ ಕಿಟಕೀನೂ ಸಾರ್ ಕಡೆಗೇ ಬರುತ್ತೆ. ಸಾಮಾನಿಗೆ ಕಿಟಕಿ ಯಾಕೆ?"

ಮೇಡಂ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಬಹಳ ಕಾಲದಿಂದ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. "ನಿನಗೆ ತಲೆ ಇದೆ," ಎಂದರು. ತಮ್ಮ ಗೆರೆಯನ್ನು ಕಾಲಿನಿಂದ ಒರೆಸಿದರು. ನಾನು ನಾಲ್ಕಡಿಗೆ ನೂಲು ಹಿಡಿದು ಹೊಸ ಗೆರೆ ಹೊಡೆದೆ. ಆಗ ಅಕ್ಕ ಬಾಗಿಲಲ್ಲಿ ಅಜ್ಜಿಯ ಬಟ್ಟೆಯ ಬಕೆಟ್ಟು ಹಿಡಿದು ನಿಂತಿದ್ದಳು. ಮೇಡಂ ಕಾಣದ ಹಾಗೆ ನಾನು ಅವಳ ಕಡೆ ಹುಬ್ಬು ಹಾರಿಸಿದೆ, ನೋಡು ನಿನ್ನ ತಮ್ಮ ಹೇಗೆ ಎನ್ನುವಂತೆ.

ಮಾರನೆಯ ದಿನ ಬೋರ್ಡು ಹೊತ್ತೆವು. ನಾನು ಮತ್ತು ನನ್ನ ಜೊತೆಗಾರ. ಅವನನ್ನು ನಾವು ಗೂಳಿ ಎಂದೇ ಕರೆಯುವುದು. ಲಿಫ್ಟಿನೊಳಗೆ ದೊಡ್ಡ ಕನ್ನಡಿಯಿತ್ತು. ಬೋರ್ಡು ತಾಗಿ ಕನ್ನಡಿ ಗೀಚಿದರೆ ಯಾರು ಹೊಣೆ ಎಂದು ಗೇಟಿನವನು ಕೇಳಿದ. ಬೋರ್ಡಿಲ್ಲದೆ ಬರಿಗೈಯಲ್ಲಿ ಹೋಗುವಾಗಲೂ ಲಿಫ್ಟು ಬೇಡ ಎಂದ. ನಮ್ಮ ಮೈಯ ಧೂಳು ಕನ್ನಡಿಗೆ ಕೂರುತ್ತದಂತೆ. ಐದು ಬೋರ್ಡು, ಐದು ಮಹಡಿ. ಬೋರ್ಡು ಕಲ್ಲಿನಷ್ಟು ಭಾರ, ಹಪ್ಪಳದಷ್ಟು ಸೂಕ್ಷ್ಮ. ಮೂಲೆ ತಾಗಿದರೆ ಪುಡಿ. ತಿರುವಿನಲ್ಲಿ ನಿಲ್ಲಿಸಿ, ಹೊರಳಿಸಿ, ಮತ್ತೆ ಎತ್ತಬೇಕು. ನಾಲ್ಕನೆಯ ಬೋರ್ಡಿಗೆ, ಮೂರನೇ ಮಹಡಿಯಲ್ಲಿ, ಗೂಳಿಯ ಸೊಂಟ ಹಿಡಿದುಕೊಂಡಿತು. ಅವನು ಮೆಟ್ಟಿಲ ಮೇಲೆ ಕೂತ. ಏಳಲಾಗಲಿಲ್ಲ. ಬೋರ್ಡು ಮಾತ್ರ ಬಿಟ್ಟಿರಲಿಲ್ಲ. ನಾನು ಮೊದಲು ನೋಡಿದ್ದು ಬೋರ್ಡಿನ ಮೂಲೆಯನ್ನು. ಆಮೇಲೆ ಅವನ ಮುಖವನ್ನು. ಇದನ್ನು ಅವನು ಮರೆತಿಲ್ಲ, ನಾನೂ ಮರೆತಿಲ್ಲ.

ಅವನನ್ನು ಮನೆಗೆ ಕಳಿಸಿದೆ. ಉಳಿದದ್ದನ್ನು ಒಬ್ಬನೇ ಬೆನ್ನ ಮೇಲೆ ಹೊತ್ತೆ. ಮನೆಯಲ್ಲಿ ಮೂರು ಬಚ್ಚಲಿದ್ದವು. ನಾನು ಒಂದಕ್ಕೆ ಹೋಗಬೇಕಾದರೆ ಐದು ಮಹಡಿ ಇಳಿದು ಗೇಟಿನವನ ಹಿಂದಿನ ತಗಡಿನ ಗೂಡಿಗೆ ಹೋಗಬೇಕಿತ್ತು. ಹಾಗಾಗಿ ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಇದೂ ನನ್ನ ಬುದ್ಧಿವಂತಿಕೆಯೇ.

ಎರಡನೆಯ ದಿನ ಚಾನೆಲ್ಲೆಲ್ಲ ನಿಂತಿತು. ಬಾಗಿಲಿಗೆ ಎರಡೂವರೆ ಅಡಿ ಬಿಟ್ಟಿದ್ದೆ. ನಮ್ಮ ಕಸುಬಿನಲ್ಲಿ ಒಂದು ಕ್ರಮವಿದೆ. ಬಾಗಿಲು ಬರುವ ಜಾಗಕ್ಕೆ ಮೊದಲೇ ಬೋರ್ಡು ಕೊಯ್ಯುವುದಿಲ್ಲ. ಪೂರ್ತಿ ಬೋರ್ಡು ಹೊಡೆದು ಎಲ್ಲ ಮುಚ್ಚುತ್ತೇವೆ. ಆಮೇಲೆ ಚಾನೆಲ್ಲಿನ ಅಂಚು ಹಿಡಿದು ಗರಗಸದಲ್ಲಿ ಬಾಗಿಲು ಕೊಯ್ಯುತ್ತೇವೆ. ಹಾಗೆ ಮಾಡಿದರೆ ಮೂಲೆಯಲ್ಲಿ ಬಿರುಕು ಬರುವುದಿಲ್ಲ. ಆದರೆ ಮುಚ್ಚುವಾಗ ಒಳಗಿನಿಂದ ಒಬ್ಬರು ಚಾನೆಲ್ ಅಲ್ಲಾಡದ ಹಾಗೆ ಹಿಡಿಯಬೇಕು. ಗೂಳಿ ಇರಲಿಲ್ಲ. ಮೇಡಂ ಮತ್ತು ಸಾರ್ ಹೊರಗೆ ಹೋಗಿದ್ದರು. ಅಜ್ಜಿ ನಿದ್ದೆಯಲ್ಲಿದ್ದರು.

"ಅಕ್ಕ, ಎರಡು ನಿಮಿಷ ಬಾರೆ," ಎಂದೆ.

ಬಂದಳು. ಒಳಗೆ ನಿಂತು ಎರಡು ಕೈಯಲ್ಲೂ ಚಾನೆಲ್ ಹಿಡಿದಳು. ನಾನು ಹೊರಗಿನಿಂದ ಬೋರ್ಡೆತ್ತಿ, ಕಾಲಿನಿಂದ ತಳ ಒತ್ತಿ, ನೆತ್ತಿಯಿಂದ ಮಧ್ಯಕ್ಕೆ ಆನಿಸಿ, ಬಾಯಿಂದ ಒಂದೊಂದೇ ಸ್ಕ್ರೂ ತೆಗೆದು ಹೊಡೆದೆ. ನನ್ನ ನೆತ್ತಿಯ ಕೂದಲು ಯೋಚನೆ ಮಾಡಿ ಉದುರಿದ್ದಲ್ಲ, ಬೋರ್ಡಿಗೆ ಉಜ್ಜಿ ಸವೆದದ್ದು. ಕೊನೆಯ ಸ್ಕ್ರೂ ಹೊಕ್ಕಿತು. ಗೋಡೆ ಪೂರ್ತಿಯಾಯಿತು. ಹಿಂದೆ ಸರಿದು ನೋಡಿದೆ. ಎರಡು ಬೋರ್ಡು, ಒಂದಿಂಚು ಕೊಯ್ದಿಲ್ಲ. ನನಗೆ ನಾನೇ ತಲೆದೂಗಿದೆ.

"ಲೋ, ಇಲ್ಲಿ ಕತ್ತಲೆ ಕಣೋ," ಎಂದಳು ಅಕ್ಕ ಒಳಗಿನಿಂದ.

"ಇರು, ಬಾಗಿಲು ಕೊಯ್ತೀನಿ."

"ಬೇಗ. ಕೈ ಚಾಚಿದ್ರೆ ಎರಡೂ ಕಡೆ ಗೋಡೆ ಸಿಗುತ್ತೆ. ಧೂಳು ಕೂರೋಕೂ ಜಾಗ ಇಲ್ಲ, ಮೂಗಿಗೇ ಬರ್ತಿದೆ."

ಗರಗಸ ಎತ್ತಿಕೊಂಡೆ. ಅಷ್ಟರಲ್ಲಿ ಮುಂಬಾಗಿಲ ಬೀಗ ತಿರುಗಿತು. ಸಾರ್ ಮತ್ತು ಮೇಡಂ ಒಳಗೆ ಬಂದರು. ಅಕ್ಕ ಸದ್ದು ಅಡಗಿಸಿದಳು. ಅಜ್ಜಿಯನ್ನು ಬಿಟ್ಟು ಬಂದಿದ್ದಳಲ್ಲ.

"ಅವಳೆಲ್ಲಿ?" ಎಂದರು ಮೇಡಂ.

"ಗೊತ್ತಿಲ್ಲ ಮೇಡಂ," ಎಂದೆ.

ಅರ್ಧ ಇಂಚು ಬೋರ್ಡಿನ ಆಚೆಗೆ ನನ್ನ ಅಕ್ಕ ನಿಂತಿದ್ದಳು. ಅವಳ ಉಸಿರು ನನಗೆ ಕೇಳುತ್ತಿತ್ತು. ಗೊತ್ತಿಲ್ಲ ಎಂದೆ. ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಸಾರ್ ಗೋಡೆಯನ್ನು ಬೆರಳಿನಿಂದ ಕುಟ್ಟಿದರು. "ಶಬ್ದ ಈ ಕಡೆ ಬರಲ್ಲ ತಾನೆ? ಅವಳು ರಾತ್ರಿಯೆಲ್ಲ ಕೆಮ್ಮುತ್ತಾಳೆ."

"ಯಾರು ಸಾರ್?"

"ಅಮ್ಮನ್ನ ನೋಡ್ಕೊಳ್ಳೋಳು. ಅವಳಿಗೇ ತಾನೆ ಈ ರೂಮು. ಅಮ್ಮನ ಮಂಚದಿಂದ ಇಲ್ಲಿಗೊಂದು ಬೆಲ್ ಎಳೆಸ್ತೀವಿ. ಅಮ್ಮ ಒತ್ತಿದ್ರೆ ಎದ್ದು ಹೋಗ್ತಾಳೆ."

"ಸಾಮಾನಿಗೆ ಅಂದಿದ್ರಲ್ಲ ಮೇಡಂ."

"ಸಾಮಾನೂ ಇಡ್ತೀವಿ, ಅವಳೂ ಇರ್ತಾಳೆ," ಎಂದರು ಮೇಡಂ. ಆಮೇಲೆ ಗಂಡನ ಕಡೆ ತಿರುಗಿ ನಕ್ಕರು. "ಇವನು ಹೇಳಿದ್ದು ಒಳ್ಳೇದಾಯ್ತು ನೋಡಿ. ಇಲ್ದಿದ್ರೆ ಆ ಕಿಟಕಿ ಅವಳ ಪಾಲಿಗೆ ಹೋಗ್ತಿತ್ತು."

ನನಗೆ ಆಗ ಆದದ್ದನ್ನು ಹೇಗೆ ಹೇಳಲಿ. ನಾಚಿಕೆಯಾಯಿತು. ಅವರ ಮೇಲೆ ಸಿಟ್ಟು ಬರಬೇಕಿತ್ತು, ಬಂತು, ಆದರೆ ಆಮೇಲೆ. ಮೊದಲು ಬಂದದ್ದು ನನ್ನ ಮೇಲೆ. ಮೇಡಂ ಏಳಡಿ ಕೊಟ್ಟಿದ್ದರು. ಕಿಟಕಿ ಕೊಟ್ಟಿದ್ದರು. ಅವರಿಗೆ ಗಮನವೇ ಇಲ್ಲದೆ ಕೊಟ್ಟದ್ದಾದರೂ ಕೊಟ್ಟಿದ್ದರು. ನನ್ನ ಅಕ್ಕನ ಕಿಟಕಿಯನ್ನು ಟೇಪು ಹಿಡಿದು, ನೂಲು ಹಿಡಿದು, ಕಿತ್ತು ಅವರ ಕೈಗೆ ಕೊಟ್ಟವನು ನಾನು. ಒಂದು ಸಂದಿ ಉಳಿಸುವುದಕ್ಕೆ. ಒಂದು ಶಹಬ್ಬಾಸ್‌ಗಿರಿಗೆ.

ಒಳಗಿನಿಂದ ಕೆಮ್ಮು ಬಂತು. ತಡೆಹಿಡಿದು, ತಡೆಹಿಡಿದು, ಒಡೆದು ಬಂದ ಕೆಮ್ಮು. ಸಾರ್ ಎರಡು ಹೆಜ್ಜೆ ಹಿಂದೆ ಸರಿದರು.

"ಒಳಗೆ ಯಾರು?"

ಗೋಡೆ ಮಾತಾಡಿತು.

"ನಾನೇ ಸಾರ್."

ಗರಗಸ ಚುಚ್ಚಿ ಕೊಯ್ದೆ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅಷ್ಟು ಸೊಟ್ಟಗೆ ಕೊಯ್ದಿರಲಿಲ್ಲ. ತುಂಡು ಕಳಚಿದ ಕೂಡಲೇ ಅಕ್ಕ ಹೊರಗೆ ಬಂದಳು. ತಲೆಯಿಂದ ಕಾಲಿನವರೆಗೆ ಬಿಳಿ. ರೆಪ್ಪೆಯ ಮೇಲೂ ಧೂಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಮೇಡಂ ಎದುರು ನಿಂತಳು. ಅವಳು ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದನ್ನು ನಾನು ಆವತ್ತೇ ಕಂಡದ್ದು.

"ಆ ರೂಮಲ್ಲಿ ನಾನು ಮಲಗಲ್ಲ ಮೇಡಂ."

"ನೀನು ಅಲ್ಲಿ ಏನ್ ಮಾಡ್ತಿದ್ದೆ? ಅಮ್ಮನ್ನ ಬಿಟ್ಟು?"

"ಅದು ತಪ್ಪು. ಒಪ್ಕೋತೀನಿ. ಆ ರೂಮಲ್ಲಿ ಮಾತ್ರ ಮಲಗಲ್ಲ. ಅಜ್ಜಿ ರೂಮಲ್ಲೇ ಒಂದು ಮಂಚ ಹಾಕ್ಸಿ, ಸಾಕು."

"ಎರಡು ಮಂಚ ಹಾಕಿದ್ರೆ ಆ ರೂಮು ಆಸ್ಪತ್ರೆ ಥರ ಕಾಣುತ್ತೆ," ಎಂದರು ಮೇಡಂ. "ಇಲ್ಲೇನಾಗಿದೆ? ಹೊಸ ಗೋಡೆ, ಹೊಸ ಸೀಲಿಂಗು. ನಿನಗೆ ಅಂತ ಒಂದು ರೂಮು. ಎಷ್ಟು ಜನಕ್ಕೆ ಸಿಗುತ್ತೆ?"

"ಒಂದ್ಸಲ ಒಳಗೆ ನಿಂತು ನೋಡಿ."

ಮೇಡಂ ನಿಂತರು. ಅದನ್ನು ಒಪ್ಪಿಕೊಳ್ಳಬೇಕು, ಅವರು ಹಿಂದೆ ಮುಂದೆ ನೋಡಲಿಲ್ಲ. ತಲೆಯೆತ್ತಿ ಒಳಗೆ ಹೋಗಿ ನಿಂತರು. ಅಕ್ಕ ನಾನು ಕೊಯ್ದ ತುಂಡನ್ನು ಎತ್ತಿ ಬಾಗಿಲಿಗೆ ಆನಿಸಿದಳು. ಸ್ಕ್ರೂ ಇಲ್ಲ, ಏನಿಲ್ಲ, ಬರೀ ಎರಡು ಅಂಗೈಯಲ್ಲಿ ಹಿಡಿದಳು. ನಾನು ಮನಸ್ಸಿನಲ್ಲಿ ಎಣಿಸಿದೆ. ಹನ್ನೆರಡಕ್ಕೆ ಒಳಗಿನಿಂದ ತಟ್ಟಿದರು. ಅಕ್ಕ ಕೂಡಲೇ ತೆಗೆದಳು. ನಾನಾಗಿದ್ದರೆ ಐವತ್ತರವರೆಗೆ ಎಣಿಸುತ್ತಿದ್ದೆ.

ಮೇಡಂ ಹೊರಗೆ ಬಂದು ಭುಜದ ಧೂಳು ಕೊಡವಿದರು. ಮೇಲ್ತುಟಿಯ ಬೆವರು ಒರೆಸಿಕೊಂಡರು.

"ಅಭ್ಯಾಸ ಆಗುತ್ತೆ," ಎಂದರು.

"ನಿಮಗೆ ಆಗುತ್ತಾ?" ಎಂದಳು ಅಕ್ಕ.

"ನನಗ್ಯಾಕೆ ಆಗ್ಬೇಕು?"

ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದರು. ಅಕ್ಕ "ಸರಿ ಮೇಡಂ," ಎಂದು ಅಜ್ಜಿಯ ಕೋಣೆಗೆ ಹೋದಳು. ಸರಿ ಎಂದರೆ ಒಪ್ಪಿದಳು ಎಂದೇ ಅವರು ತಿಳಿದರು. ನಾನೂ ಹಾಗೇ ತಿಳಿದೆ.

"ನೀನು ಮುಂದುವರಿಸು. ಸಾಯಂಕಾಲದೊಳಗೆ ಸೀಲಿಂಗ್ ಆಗ್ಬೇಕು," ಎಂದರು ಸಾರ್.

ನಾನು ಡ್ರಿಲ್ ಕೈಗೆತ್ತಿಕೊಂಡೆ. ಮೊದಲ ಬೋರ್ಡಿನ ಮೊದಲ ಸ್ಕ್ರೂಗೆ ಇಟ್ಟೆ. ಉಲ್ಟಾ ತಿರುಗಿಸಿದೆ. ಸ್ಕ್ರೂ ಹೊರಗೆ ಬಂದು ನೆಲಕ್ಕೆ ಬಿತ್ತು. ಎರಡನೆಯದಕ್ಕೆ ಇಟ್ಟೆ.

ಈ ಹೊತ್ತಿಗೆ ನಾನೊಂದು ಮಾತು ಹೇಳಬೇಕಿತ್ತು. ಎದೆಯುಬ್ಬಿಸಿ ಹೇಳುವಂಥದ್ದು. ಬಾಯಿಗೆ ಬಂದದ್ದು ಇಷ್ಟೇ: "ಅಳತೆ ತಪ್ಪಾಗಿದೆ ಸಾರ್. ಏಳಡಿಗೆ ಹಾಕ್ತೀನಿ. ನನ್ನ ತಪ್ಪು, ನಾನೇ ಸರಿ ಮಾಡಿಕೊಡ್ತೀನಿ."

"ಅಳತೆ ಸರಿಯಾಗಿದೆ. ನನಗೆ ಹತ್ತಡಿ ಬೇಕು."

ಮೂರನೆಯ ಸ್ಕ್ರೂ ಬಿತ್ತು.

"ಬಿಚ್ಚು ಅಂತ ಯಾರು ಹೇಳಿದ್ದು ನಿನಗೆ? ಮನೆ ನನ್ನದಾ, ನಿನ್ನದಾ?"

"ಮನೆ ನಿಮ್ಮದು ಸಾರ್."

"ಮತ್ತೆ? ಅವಳು ನಿನಗೇನಾಗ್ಬೇಕು?"

"ಅಕ್ಕ."

"ಸ್ವಂತ?"

"ಸ್ವಂತ. ಅವಳ ಸೊಂಟದ ಮೇಲೆ ಬೆಳೆದವನು ನಾನು. ಆಗಲೇ ಗೊತ್ತಿಲ್ಲ ಅಂದೆನಲ್ಲ, ಅದು ಸುಳ್ಳು."

ಸಾರ್ ಹೆಂಡತಿಯ ಮುಖ ನೋಡಿದರು. "ಒಳಗೊಳಗೇ ಎಲ್ಲ ಸೇರ್ಕೊಂಡಿದಾರೆ," ಎಂದರು. ಮನೆಯಲ್ಲಿ ಏನೇನು ಕಾಣೆಯಾಗಿದೆ ಎಂದು ಮೇಡಂ ಆಗಲೇ ಮನಸ್ಸಿನಲ್ಲಿ ಹುಡುಕುತ್ತಿದ್ದರು, ಅದು ಅವರ ಕಣ್ಣಲ್ಲಿ ಕಾಣುತ್ತಿತ್ತು. ನಾನು ಸ್ಕ್ರೂ ಬಿಚ್ಚುತ್ತಲೇ ಇದ್ದೆ. ಸಾರ್ ಗೇಟಿನವನಿಗೆ ಫೋನು ಮಾಡಿದರು. ಗೇಟಿನವನು ಲಿಫ್ಟಿನಲ್ಲಿ ಬಂದ. ಅಷ್ಟರಲ್ಲಿ ಒಂದು ಬೋರ್ಡು ಸಡಿಲಾಗಿ ವಾಲಿತ್ತು. ಹಿಂದಿನಿಂದ ಎರಡು ಕೈ ಬಂದು ಅದನ್ನು ಹಿಡಿದವು. ಅಕ್ಕ. ಹೆಗಲಿಗೆ ಬ್ಯಾಗು ಹಾಕಿಕೊಂಡಿದ್ದಳು.

"ಅಜ್ಜಿಗೆ ಬಟ್ಟೆ ಬದಲಾಯಿಸಿದೀನಿ ಮೇಡಂ. ಎಡಕ್ಕೆ ಮಲಗಿಸಿದೀನಿ. ಎರಡು ಗಂಟೆಗೆ ಬಲಕ್ಕೆ ಹೊರಳಿಸಿ. ಬೆನ್ನ ಕೆಳಗೆ ಕೈ ಹಾಕಿ ಎತ್ತಬೇಕು, ತೋಳು ಹಿಡಿದು ಎಳೀಬೇಡಿ, ನೋವಾಗುತ್ತೆ ಅವರಿಗೆ."

ಮೇಡಂ ಮೊದಲ ಸಲ ಹೆದರಿದ್ದು ಆಗ. "ನೀನು ಹೋದ್ರೆ ಯಾರು ಮಾಡ್ತಾರೆ?"

ಅಕ್ಕ ಬೋರ್ಡಿನ ತಳಕ್ಕೆ ಕೈ ಹಾಕಿದಳು. ನಾವಿಬ್ಬರೂ ಎರಡು ಬೋರ್ಡನ್ನೂ ಇಳಿಸಿ ಗೋಡೆಗೆ ಒರಗಿಸಿದೆವು. ಗೇಟಿನವನು ಬಾಗಿಲಲ್ಲೇ ನಿಂತು ನೋಡಿದ. ಹಿಡಿದು ದಬ್ಬು ಎಂದು ಸಾರ್ ಹೇಳಿದರು. ಅವನು ದಬ್ಬಲಿಲ್ಲ. ನಮ್ಮ ಜೊತೆ ಮೆಟ್ಟಿಲು ಇಳಿದು ಬಂದ, ಅಷ್ಟೇ.

ಕೆಳಗೆ ಬಂದ ಮೇಲೆ ನನ್ನ ಎದೆ ಉಬ್ಬಿತು. ಮಾಡಿ ತೋರಿಸಿದೆ ಅನ್ನಿಸಿತು. ಅಕ್ಕನಿಗೂ ಹಾಗನ್ನಿಸಿರಬೇಕು ಎಂದುಕೊಂಡು ಅವಳ ಮುಖ ನೋಡಿದೆ.

"ನಾಳೆ ಇನ್ನೊಬ್ಬ ಬರ್ತಾನೆ," ಎಂದಳು. "ನಿನ್ನ ಗೆರೆ ಮೇಲೇ ಗೋಡೆ ನಿಲ್ಲಿಸ್ತಾನೆ. ಇನ್ನೊಬ್ಬಳು ಬಂದು ಮಲಗ್ತಾಳೆ."

ಅದು ನನಗೆ ಹೊಳೆದೇ ಇರಲಿಲ್ಲ. ಆ ಬರುವ ಇನ್ನೊಬ್ಬನನ್ನು ನಾನು ಚೆನ್ನಾಗಿ ಬಲ್ಲೆ. ಸಾಮಾನು ಇಡುವುದಕ್ಕೆ ಎಂದರೆ ನಂಬುತ್ತಾನೆ. ನಾಲ್ಕಡಿ ನೋಡಿದರೆ ಬಾಯಲ್ಲಿ ನೀರೂರುತ್ತದೆ. ನನ್ನ ತದ್ರೂಪು.

ಹಾಗಾಗಿ ಮಾರನೆಯ ಬೆಳಿಗ್ಗೆ ನಾವಿಬ್ಬರೂ ಆ ಗೇಟಿನ ಎದುರು ರಸ್ತೆಯಲ್ಲಿ ನಿಂತೆವು. ಹೋರಾಟ ಎನ್ನಲು ಬಾವುಟವಿಲ್ಲ, ಘೋಷಣೆಯಿಲ್ಲ. ಕೆಮ್ಮುವ ಹೆಂಗಸು ಮತ್ತು ನೆತ್ತಿ ಬೋಳಾದ ಗಂಡಸು. ಒಂದು ದಿನ ಯಾರೂ ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಒಂದು ಸಣ್ಣ ಗಾಡಿ ಬಂದು ನಿಂತಿತು. ಹಿಂದೆ ತಗಡಿನ ಚಾನೆಲ್, ಪುಟ್ಟಿ ಚೀಲ. ಇಳಿದವನು ಕುಳ್ಳ, ಐವತ್ತು ದಾಟಿದವನು. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದ.

ನಾನು ಅವನಿಗೆ ಎಲ್ಲವನ್ನೂ ಹೇಳಿದೆ. ಮೂರು ದಿನ ಮನಸ್ಸಿನಲ್ಲಿ ತಿದ್ದಿಟ್ಟುಕೊಂಡಿದ್ದ ಭಾಷಣ. ಅವನು ಚಾನೆಲ್ ಇಳಿಸುತ್ತಲೇ ಕೇಳಿದ. ಕೊನೆಗೆ ಅಕ್ಕನ ಕಡೆ ತಿರುಗಿದ.

"ನೀವೇನಮ್ಮಾ ಅಲ್ಲಿ ಮಲಗಬೇಕಾಗಿದ್ದೋರು?"

"ಹೌದು."

"ಕಿಟಕಿ ಎಷ್ಟನೇ ಅಡೀಲಿ ಇದೆ?"

"ಐದರಿಂದ ಏಳಕ್ಕೆ," ಎಂದೆ ನಾನು.

"ಹ್ಞೂಂ," ಎಂದ. "ನನಗೂ ಹೊಟ್ಟೆ ಇದೆ ನೋಡಪ್ಪ." ಚಾನೆಲ್ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ.

ನಾನು ಅವನನ್ನು ಬೈದೆ. ಅವನ ಕಸುಬನ್ನು ಬೈದೆ, ಅಂದರೆ ನನ್ನದನ್ನೇ. ಹೋಗೋಣ ನಡಿ ಎಂದೆ. ಅಕ್ಕ ಬರಲಿಲ್ಲ. ಗೇಟಿನವನು ತನ್ನ ಕುರ್ಚಿ ತಂದು ಅವಳಿಗೆ ಹಾಕಿದ. ಕೂತಳು. ಸಾಯಂಕಾಲ ಐದಕ್ಕೆ ಕುಳ್ಳ ಕೆಳಗೆ ಬಂದ. ಮೈಯೆಲ್ಲ ಬಿಳಿ. ನಮ್ಮನ್ನು ನೋಡಿ ನಿಂತ.

"ಏಳಡಿಗೆ ನಿಲ್ಲಿಸಿದೆ."

ನಾನು ಬಾಯಿ ಬಿಟ್ಟು ನಿಂತೆ. "ಹೇಗೆ ಒಪ್ಪಿದ್ರು?"

"ಮೇಲೆ ಬಚ್ಚಲ ಪೈಪ್ ಇದೆಯಲ್ಲ. ಕಿಟಕಿ ಇಲ್ದೆ ಮುಚ್ಚಿದ್ರೆ ತೇವ ಕೂತು ವರ್ಷದೊಳಗೆ ಬೋರ್ಡು ಉಬ್ಬುತ್ತೆ, ಸಾರ್ ಪುಸ್ತಕಕ್ಕೆಲ್ಲ ಬೂಸ್ಟು ಬರುತ್ತೆ ಅಂದೆ. ಬೋರ್ಡಿಗೆ ಗಾಳಿ ಬೇಕು ಅಂದೆ. ಇನ್ನೂ ಒಂದಡಿ ಮುಂದಕ್ಕೆ ತಗೊಳ್ಳೋದು ಒಳ್ಳೇದಾ ಅಂತ ಮೇಡಂ ಅವರೇ ಕೇಳಿದ್ರು."

ಅವನು ಕನ್ನಡಕ ತೆಗೆದು ಅಂಗಿಯ ಒಳಮಗ್ಗುಲಿಗೆ ಒರೆಸಿಕೊಂಡು ಗಾಡಿ ಹತ್ತಿದ. ನಾನು ನಕ್ಕೆ. ನಗದೆ ಏನು ಮಾಡಲಿ. ಈ ಕಸುಬಿನಲ್ಲಿ ನನ್ನಷ್ಟು ಬುದ್ಧಿವಂತನಿಲ್ಲ ಎಂದುಕೊಂಡವನು ನಾನು. ಅಕ್ಕನ ಕೆಲಸ ಕಳೆದು, ಗೋಡೆ ಬಿಚ್ಚಿ, ಮೂರು ದಿನ ಬಿಸಿಲಲ್ಲಿ ನಿಂತೆ. ಕುಳ್ಳ ಅರ್ಧ ಗಳಿಗೆಯಲ್ಲಿ ಒಂದು ಸುಳ್ಳು ಹೇಳಿ ಮುಗಿಸಿದ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಕ್ಕ ನಗಲಿಲ್ಲ. ಕುರ್ಚಿಯಿಂದ ಎದ್ದಳು.

"ನಾನು ಕೇಳಿದ್ದೂ ಅದನ್ನೇ ಕಣೋ," ಎಂದಳು. "ಬೋರ್ಡಿಗೆ ಗಾಳಿ ಬೇಕು ಅಂದ್ರೆ ಕೊಟ್ರು. ನನಗೆ ಬೇಕು ಅಂದಾಗ ಅಭ್ಯಾಸ ಆಗುತ್ತೆ ಅಂದ್ರು."

ನನ್ನ ನಗು ನಿಂತಿತು. ಅವಳು ಗೇಟಿನವನಿಗೆ ಕುರ್ಚಿ ವಾಪಸು ಕೊಟ್ಟು, ಬ್ಯಾಗು ಹೆಗಲಿಗೇರಿಸಿದಳು. ಎರಡು ರಸ್ತೆ ಆಚೆಗೆ ಇನ್ನೊಂದು ಮನೆಯಲ್ಲಿ ಕೆಲಸಕ್ಕೆ ಜನ ಬೇಕೆಂದು ಅವನೇ ಹೇಳಿದ್ದನಂತೆ. ಅಲ್ಲಿಗೆ ಹೊರಟಳು.

"ನಾನೂ ಬರ್ಲಾ?" ಎಂದೆ.

"ಬಾ," ಎಂದಳು. "ತಮ್ಮ ಅಂತಾನೇ ಹೇಳ್ತೀನಿ. ಆಮೇಲೆ ಮಲಗೋ ಜಾಗ ತೋರ್ಸಿ ಅಂತೀನಿ. ಆಗಲ್ಲ ಅಂದ್ರೆ ಅಲ್ಲಿಂದಲೂ ವಾಪಸು ಬರೋಣ."